ತಳದಲ್ಲಿ ಕೂತ ಕೆಂಪು

ಕಣಿವಿಹಟ್ಟಿ, ಕೂಡ್ಲಿಗಿ ತಾಲ್ಲೂಕು
೧೮ ಆಗಸ್ಟ್ ೨೦೨೪

ಮಗಳೇ ಸುಮಂಗಲಾ,

ಮೊದಲು ನೀನು ಹೇಗಿದ್ದೀ ಹೇಳು. ಆಮೇಲೆ ಅಳಿಯ ಮಾರೇಶನ ಬೆನ್ನುನೋವಿನ ಸುದ್ದಿ ಬರೆ. ಹಡಗಲಿಯಿಂದ ಮೈಲಾರದ ಶಾಲೆಗೆ ದಿನಾ ಆ ಸ್ಕೂಟರಿನ ಮೇಲೆ ಕುಣಿದುಕೊಂಡು ಹೋದರೆ ಬೆನ್ನು ಪಾಪ ಏನು ಮಾಡೀತು? ನಿಮ್ಮ ಅತ್ತೆ ಮಾಳಮ್ಮನವರ ಮೊಣಕಾಲಿನ ಬಾವು ಇಳಿಯಿತೆ? ಇಲ್ಲಿ ನಿಮ್ಮಣ್ಣ ಓಬಳೇಶ ಡಿಪೋದಿಂದ ಬಸ್ಸು ತೆಗೆದುಕೊಂಡು ಹೋಗುತ್ತಾನೆ, ಬರುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ. ಸೊಸೆ ಅರ್ಚನಾ ಚೆನ್ನಾಗಿದ್ದಾಳೆ. ಮೊಮ್ಮಗಳು ಕೀರ್ತನಾ ಅಂಬೆಗಾಲಿಡಲು ಕಲಿತಿದ್ದಾಳೆ. ನೆಲದ ಮೇಲೆ ಏನು ಸಿಕ್ಕರೂ ಅವಳ ಬಾಯಿಗೇ. ನನ್ನ ಕಿವಿ ಮಾತ್ರ ಇನ್ನಷ್ಟು ಮುಚ್ಚಿದೆ. ಫೋನಿನಲ್ಲಿ ನೀನು ಮಾತಾಡಿದರೆ ಜೇನುಹುಳ ಗುಂಯ್ ಎಂದಂತೆ ಕೇಳುತ್ತದೆ. ಅದಕ್ಕೇ ಈ ಕಾಗದ. ಓಬಳೇಶನ ಒಂದನೇ ತರಗತಿಯ ಪುಸ್ತಕ ನೋಡಿ ಕಲಿತ ಅಕ್ಷರ, ತಪ್ಪಿದ್ದಲ್ಲಿ ನೀನೇ ತಿದ್ದಿ ಓದಿಕೋ.

ಬೇಸಿಗೆಯಲ್ಲಿ ನೀನು ಬಂದು ನಮ್ಮ ಬೋರಿನ ನೀರು ಸೀಸೆಯಲ್ಲಿ ನಿಮ್ಮ ನೀರು ಪರೀಕ್ಷೆಯ ಕಚೇರಿಗೆ ಒಯ್ದು, ಇದರಲ್ಲಿ ಪಾಷಾಣ ಇದೆ ಎಂದು ಹೇಳಿ, ಯಾರೂ ಕುಡಿಯಬಾರದೆಂದು ಬೋರಿಗೆ ಕೆಂಪು ಬಣ್ಣ ಹೊಡೆಸಿ ಹೋದೆಯಲ್ಲ, ಅವತ್ತಿನಿಂದ ನೀನು ಹೇಳಿದ್ದನ್ನು ಒಂದು ದಿನವೂ ತಪ್ಪಿಸಿಲ್ಲ. ಬೆಳಿಗ್ಗೆ ಅದೇ ಬೋರಿನ ನೀರಿನಿಂದ ನೀಲಿ ಡ್ರಮ್ಮು ತುಂಬುತ್ತೇನೆ. ಬ್ಲೀಚಿಂಗ್ ಪುಡಿ ಕದಡಿ ಹಾಕುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು ಆ ಕಂದು ಬಣ್ಣದ ಕಬ್ಬಿಣದ ಔಷಧಿ ಹಾಕಿ, ಬೇವಿನ ಕೋಲಿನಿಂದ ಮೊದಲು ಜೋರಾಗಿ, ಆಮೇಲೆ ತೊಟ್ಟಿಲು ತೂಗಿದಷ್ಟು ನಿಧಾನವಾಗಿ ತಿರುವುತ್ತೇನೆ. ಆಗ ನೀರು ನೋಡಬೇಕು ನೀನು, ಎಮ್ಮೆಯೂ ಮೂತಿ ತಿರುಗಿಸಬೇಕು, ಅಷ್ಟು ಕೆಂಪು. ಮಧ್ಯಾಹ್ನಕ್ಕೆ ಕೆಂಪೆಲ್ಲ ತಳದಲ್ಲಿ ಕೂತು ಮೇಲೆ ತಿಳಿನೀರು. ಮರಳಿನ ಗಡಿಗೆಯಲ್ಲಿ ಸೋಸಿ ತುಂಬಿಡುತ್ತೇನೆ. ಅಷ್ಟು ಹೊತ್ತಿಗೆ ಪಾಷಾಣ ಸತ್ತುಹೋಗಿರುತ್ತದೆ ಎಂದು ಎಲ್ಲರಿಗೂ ಹೇಳುತ್ತೇನೆ.

ಪಕ್ಕದ ಮನೆಯ ಗಾಳೆಪ್ಪ ಚಹಾ ಕುಡಿಯಲು ಬಂದಿದ್ದ. ಆ ನೀರಿನಲ್ಲಿ ಚಹಾ ಕಪ್ಪಾಗುತ್ತದೆ ಮಗಳೇ. ಲೋಟ ನೋಡಿ, ‘ಏನ್ ಯಕ್ಕಾ, ಚಾದಾಗ ದೌತಿ ಮಸಿ ಸುರುವಿಯೇನು?’ ಅಂದ. ‘ಕುಡಿಯೋ ಲೇ, ಹೊಟ್ಟಿಯಾಗಾದ್ರೂ ನಾಕ್ ಅಕ್ಷರ ಇಳೀಲಿ’ ಅಂದೆ. ನಕ್ಕು ಕುಡಿದ. ಈಗ ನಮ್ಮ ಓಣಿಯವರು ಬಹಳಷ್ಟು ಮಂದಿ ನನ್ನ ಡ್ರಮ್ಮಿನಿಂದಲೇ ಕುಡಿಯುವ ನೀರು ಒಯ್ಯುತ್ತಾರೆ. ಶುದ್ಧ ನೀರಿನ ಘಟಕ ಕೆಟ್ಟು ಕೂತಿದೆ, ಒಯ್ಯದೆ ಏನು ಮಾಡುತ್ತಾರೆ?

ನನಗಿರುವ ಚಿಂತೆ ಮೇಲಿನ ಓಣಿಯದು. ಅವರ ಬೋರಿನಲ್ಲೂ ಪಾಷಾಣ ಇದೆ ಎಂದು ನೀನೇ ಹೇಳಿದೆ. ಅಲ್ಲಿಯ ಕಲ್ಯಾಣಮ್ಮನವರನ್ನು ನೀನು ಬಲ್ಲೆ. ಅವರೂ ನಾನೂ ಒಂದೇ ವರ್ಷ ಹುಟ್ಟಿದವರು. ಅವರ ಹೊಲದಲ್ಲಿ ನಾನು ಶೇಂಗಾ ಕಿತ್ತವಳು, ಬದುವಿನ ಮೇಲೆ ಕೂತು ಅವರೊಂದಿಗೆ ನಕ್ಕವಳು. ಆ ನೀರಿನಿಂದಲೇ ಅವರ ಅಂಗೈ ತುಂಬ ಜೋಳದ ಕಾಳಿನಂಥ ಗಂಟು ಎದ್ದಿವೆ, ಪಾದದಲ್ಲೂ ಅಷ್ಟೇ. ‘ನೀರು ಒಯ್ರಿ’ ಎಂದೆ. ‘ನೋಡೋಣಂತ ತಗೋ ಹುಲುಗಿ’ ಅಂದರು. ಆ ‘ನೋಡೋಣ’ ಏನೆಂದು ನಿನಗೂ ಗೊತ್ತು, ನನಗೂ ಗೊತ್ತು. ನಮ್ಮ ಓಣಿಯ ನೀರು ಅವರ ಒಲೆಯ ಮೇಲೆ ಯಾವತ್ತು ಕುದ್ದಿದೆ? ಆದರೂ ಅವರೊಬ್ಬರು ಕುಡಿದರೆ ಸಾಕು ಎಂದು ದಿನಾ ಅನ್ನಿಸುತ್ತದೆ.

ಮಹಾನವಮಿಗೆ ಬಾ. ಬರುವ ಮೊದಲು ಒಂದು ಸಾಲು ಬರೆ.

ನಿನ್ನ ದೊಡ್ಡವ್ವ
ಹುಲುಗಮ್ಮ

•

ಹೂವಿನಹಡಗಲಿ
೨೭ ಆಗಸ್ಟ್ ೨೦೨೪

ದೊಡ್ಡವ್ವ,

ನಿನ್ನ ಪತ್ರ ಓದಿ ಮಾರೇಶ್ ಬೆನ್ನು ಹಿಡಿದುಕೊಂಡೇ ನಕ್ಕರು. ನೋವು ಹಾಗೇ ಇದೆ, ಸ್ಕೂಟರೂ ಹಾಗೇ ಇದೆ. ಅತ್ತೆಯ ಮೊಣಕಾಲಿನ ಬಾವು ಇಳಿದಿದೆ, ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿದರು.

ಓಬಣ್ಣನ ಬಸ್ಸಿನಲ್ಲಿ ನೀನು ಕಳಿಸಿದ ಸೀಸೆಯ ನೀರನ್ನು ಪರೀಕ್ಷೆ ಮಾಡಿಸಿದೆ. ಬಹಳ ಚೆನ್ನಾಗಿ ಬಂದಿದೆ. ಪಾಷಾಣ ಇಲ್ಲವೆನ್ನುವಷ್ಟು ಕಡಿಮೆ. ಇಷ್ಟು ಅಚ್ಚುಕಟ್ಟಾಗಿ ಮಾಡಿದ್ದಕ್ಕೆ ನಿನ್ನ ಕೈಗೆ ಮುತ್ತು. ಚಹಾ ಕಪ್ಪಾಗುವುದು ಕಬ್ಬಿಣ ತುಸು ಹೆಚ್ಚಾದದ್ದಕ್ಕೆ. ಅಳತೆಯ ಮುಚ್ಚಳದಲ್ಲಿ ನಾನು ಹಾಕಿಕೊಟ್ಟ ಗೀಟು ದಾಟಬೇಡ. ‘ಇನ್ನೊಂಚೂರು ಬಿದ್ರ ಒಳ್ಳೇದ’ ಎಂದು ಸುರಿಯುವವಳು ನೀನು, ನನಗೆ ಗೊತ್ತು.

ಇನ್ನೊಂದು ಮಾತು. ತಳದಲ್ಲಿ ಕೂರುವ ಕೆಂಪು ಗಸಿಯನ್ನು ಚರಂಡಿಗಾಗಲಿ, ತಿಪ್ಪೆಗಾಗಲಿ, ಗಿಡದ ಬುಡಕ್ಕಾಗಲಿ ಚೆಲ್ಲಬೇಡ. ಬೇರೆ ಗಡಿಗೆಯಲ್ಲಿ ತೆಗೆದಿಡು. ಯಾಕೆಂದು ಬಂದಾಗ ಎದುರಿಗೆ ಕೂತು ಹೇಳುತ್ತೇನೆ.

ಮಹಾನವಮಿಗೆ ಬರಲು ಆಗುವುದೋ ಇಲ್ಲವೋ. ಕೆಲಸ ವಿಪರೀತ. ಕೀರ್ತನಾಳಿಗೆ ನನ್ನ ಮುತ್ತು.

ಸುಮಾ

•

ಕಣಿವಿಹಟ್ಟಿ
೧೪ ಅಕ್ಟೋಬರ್ ೨೦೨೪

ಸುಮಂಗಲಾ,

ಹಬ್ಬದ ದಿನ ಹೋಳಿಗೆ ಬೇಯಿಸುತ್ತ, ಪ್ರತಿ ಬಸ್ಸಿನ ಹೊತ್ತಿಗೂ ಹಾದಿ ನೋಡಿದ್ದೇ ಬಂತು. ನೀನೂ ಬರಲಿಲ್ಲ, ಮಾರೇಶನೂ ಬರಲಿಲ್ಲ. ಓಬಳೇಶ ‘ಅಕಿಗೆ ರಜಾ ಇಲ್ಲಂತ ಬಿಡಬೇ’ ಅಂದ. ಮಹಾನವಮಿಗೆ ರಜೆ ಕೊಡದ ಕಚೇರಿ ಯಾವುದಮ್ಮಾ? ನಿನ್ನವ್ವ ಸಾಯುವಾಗ ‘ಯಕ್ಕಾ, ಇಕಿನ್ನ ನೋಡ್ಕೊ’ ಎಂದು ನಿನ್ನ ಕೈ ನನ್ನ ಕೈಯಲ್ಲಿಟ್ಟಳು. ನೋಡಿಕೊಳ್ಳುವುದು ಇರಲಿ, ನೋಡುವುದೇ ಅಪರೂಪವಾಯಿತು. ದೊಡ್ಡ ಕೆಲಸ ಸಿಕ್ಕ ಮೇಲೆ ನಮ್ಮ ಮನೆ ಇಕ್ಕಟ್ಟಾಯಿತೋ ಏನೋ. ಬರೆಯಬಾರದು ಅಂದುಕೊಂಡೆ, ಬರೆದುಬಿಟ್ಟೆ.

ನಿನ್ನ ಮಾತನ್ನಂತೂ ಮೀರಿಲ್ಲ. ಚೆಲ್ಲಬೇಡ ಎಂದ ಮೇಲೆ ಗಸಿಯನ್ನು ಒಂದು ಚಿಟಿಕೆಯೂ ಚೆಲ್ಲಿಲ್ಲ. ನೆರಳಿನಲ್ಲಿ ಒಣಗಿಸಿ ಗಡಿಗೆಯಲ್ಲಿ ಜೋಪಾನ ಮಾಡಿದ್ದೇನೆ. ಎಷ್ಟು ನುಣುಪು ಅಂತೀ! ಬೆರಳಲ್ಲಿ ತಿಕ್ಕಿದರೆ ಕುಂಕುಮದ ಹಾಗೆ. ಒಳ್ಳೆಯ ವಸ್ತುವಲ್ಲದಿದ್ದರೆ ನೀನೇಕೆ ತೆಗೆದಿಡು ಅನ್ನುತ್ತಿದ್ದೆ?

ನನಗೆ ಸಿಟ್ಟಿದ್ದರೂ ದೀಪಾವಳಿಗೆ ನಿನಗೊಂದು ಕಾಣಿಕೆ ಕಳಿಸುತ್ತೇನೆ. ಏನೆಂದು ಈಗ ಹೇಳುವುದಿಲ್ಲ.

ದೊಡ್ಡವ್ವ

•

ಹೂವಿನಹಡಗಲಿ
೨೧ ಅಕ್ಟೋಬರ್ ೨೦೨೪

ದೊಡ್ಡವ್ವ,

ಬೈದದ್ದು ಸರಿಯಾಗಿದೆ. ಇನ್ನೂ ಎರಡು ಬೈದಿದ್ದರೂ ತಿನ್ನುತ್ತಿದ್ದೆ. ಬರಬಾರದು ಎಂದು ಬಾರದೆ ಉಳಿದವಳಲ್ಲ ನಾನು. ಇಷ್ಟು ಮಾತ್ರ ನಂಬು, ಉಳಿದದ್ದು ಆಮೇಲೆ.

ಗಸಿಯನ್ನು ಒಣಗಿಸಿ ಜೋಪಾನ ಮಾಡಿದ್ದು ಕೇಳಿ ನಿಶ್ಚಿಂತೆಯಾಯಿತು. ಹಾಗೇ ಇಟ್ಟಿರು, ಅದಕ್ಕೊಂದು ದಾರಿ ಮಾಡುತ್ತೇನೆ.

ಕಾಣಿಕೆ ಬೇಡ. ಕಳಿಸುವುದೇ ಆದರೆ ನಿನ್ನ ಕೈಯ ಹುಣಸೆ ತೊಕ್ಕು ಕಳಿಸು. ಯಾಕೋ ಬಾಯಿ ಅದನ್ನೇ ಬೇಡುತ್ತಿದೆ.

ಸುಮಾ

•

ಕಣಿವಿಹಟ್ಟಿ
೪ ನವೆಂಬರ್ ೨೦೨೪

ಮಗಳೇ ಸುಮಾ,

ಸಿಟ್ಟೆಲ್ಲ ಇಳಿಯಿತು. ಇಂಥ ದೀಪಾವಳಿಯನ್ನು ನಾನು ಈ ವಯಸ್ಸಿನವರೆಗೂ ಕಂಡಿರಲಿಲ್ಲ. ತೊಕ್ಕಿನ ಡಬ್ಬಿಯೂ ಕಾಣಿಕೆಯ ಪೊಟ್ಟಣವೂ ಓಬಳೇಶನ ಕೈಯಲ್ಲಿ ಬರುತ್ತಿವೆ. ಪೊಟ್ಟಣ ಬಿಚ್ಚಿದರೆ ನಿನಗೇ ತಿಳಿಯುತ್ತದೆ.

ಹಬ್ಬಕ್ಕೆ ಹೊಸ್ತಿಲು ಸಾರಿಸಲು ಕೆಮ್ಮಣ್ಣು ಬೇಕಿತ್ತು. ಪ್ರತಿ ವರ್ಷ ಗುಡ್ಡದ ಬುಡಕ್ಕೆ ಹೋಗಿ ಅಗೆದು ತಂದು, ಕುಟ್ಟಿ, ಜರಡಿ ಹಿಡಿದು, ಅಷ್ಟಾದರೂ ಅದರಲ್ಲಿ ಹರಳು. ಈ ಸಲ ಗಡಿಗೆ ತೆಗೆದು ನೋಡಿದೆ. ಕುಟ್ಟುವ ಕೆಲಸವೇ ಇಲ್ಲ! ಗುಡ್ಡದ ಮಣ್ಣಿಗೆ ಅರ್ಧಕ್ಕರ್ಧ ಬೆರೆಸಿ ನೀರು ಹಾಕಿ ಕಲಸಿ, ಹೊಸ್ತಿಲಿಗೆ, ಕಟ್ಟೆಗೆ, ಒಲೆಯ ಸುತ್ತ ಬಳಿದೆ. ಅರ್ಚನಾ ಮೇಲೆ ಸುಣ್ಣದ ಎಳೆ ಎಳೆದಳು. ಮನೆ ಮದುಮಗಳ ಹಾಗೆ ಕಂಡಿತು.

ಅಷ್ಟರಲ್ಲಿ ಕಲ್ಯಾಣಮ್ಮನವರು ಹಾದುಹೋಗುತ್ತಿದ್ದವರು ನಿಂತರು.

‘ಏ ಹುಲುಗಿ, ಎಲ್ಲಿಂದ ತಂದಿ ಈ ಕೆಮ್ಮಣ್ಣ? ಎಣ್ಣಿ ಹಚ್ಚಿದಂಗ ಮಿಂಚ್ತೈತಲ್ಲ!’

‘ನನ್ನ ಡ್ರಮ್ಮಿನಾಗ ಬೆಳದೈತ್ರಿ’ ಅಂದೆ.

‘ಚ್ಯಾಷ್ಟಿ ಮಾಡಬ್ಯಾಡ. ಒಂದ್ ಬೊಗಸಿ ಕೊಡು, ನಮ್ಮ ಹೊಸ್ತಿಲಕ್ಕೂ ಆಗ್ತೈತಿ.’

ಬೊಗಸೆ ಏನು, ಬುಟ್ಟಿ ತುಂಬಿ ಕೊಟ್ಟೆ. ಸಂಜೆಯ ಒಳಗೆ ಆ ಓಣಿಯ ಇನ್ನೂ ನಾಲ್ಕಾರು ಮನೆಯವರು ಬಂದು ಕೇಳಿದರು. ನನ್ನ ಕಟ್ಟೆಗೆ ಬಂದು ಕೇಳಿದರು ಮಗಳೇ! ಇವತ್ತು ಮೇಲಿನ ಓಣಿಯ ಹೊಸ್ತಿಲುಗಳ ಮೇಲೆ ಇರುವುದು ನನ್ನ ಕೈಯ ಕೆಂಪು. ನೀರು ಒಯ್ಯದವರು ಮಣ್ಣು ಒಯ್ದರು. ಇವತ್ತು ಮಣ್ಣು ಒಯ್ದವರು ನಾಳೆ ನೀರು ಒಯ್ಯುತ್ತಾರೆ, ನೋಡುತ್ತಿರು.

ಕೀರ್ತನಾಳಿಗೂ ಈ ಕೆಂಪಿನ ಮೇಲೆ ಬಹಳ ಪ್ರೀತಿ. ಹೊಸ್ತಿಲ ಮೇಲೆ ಬೋರಲಾಗಿ ಬಿದ್ದು ನೆಕ್ಕುತ್ತಾಳೆ. ಅರ್ಚನಾ ‘ಥೂ, ಥೂ’ ಎಂದು ಓಡಿ ಬರುತ್ತಾಳೆ. ಔಷಧಿ ಬಿದ್ದ ಮಣ್ಣು, ಊರ ಮಣ್ಣಿಗಿಂತ ಶುದ್ಧ, ಬಿಡು ಎಂದೆ.

ನಿನ್ನ ಮನೆಯ ಹೊಸ್ತಿಲಿಗೂ ಬಳಿದುಕೋ. ಹೇಗೆ ಕಂಡಿತು ಬರೆ.

ದೊಡ್ಡವ್ವ

•

ಹೂವಿನಹಡಗಲಿ
೮ ನವೆಂಬರ್ ೨೦೨೪

ದೊಡ್ಡವ್ವ,

ಇಷ್ಟು ಹೊತ್ತಿಗೆ ಓಬಣ್ಣ ನಿನಗೆ ಹೇಳಿರುತ್ತಾನೆ. ಅವನಿಗೆ ಫೋನ್ ಮಾಡಿ, ಕೀರ್ತನಾಳನ್ನು ಆ ಹೊಸ್ತಿಲ ಹತ್ತಿರ ಬಿಡಬೇಡಿ, ನಾಳೆಯೇ ಕೂಡ್ಲಿಗಿಯ ಆಸ್ಪತ್ರೆಗೆ ಕರೆದೊಯ್ಯಿರಿ ಎಂದಷ್ಟೇ ಹೇಳಿದೆ. ನೀನು ಗಾಬರಿಯಾಗಿ ಕೂತಿರುತ್ತೀ. ಈಗ ಎಲ್ಲ ಬರೆಯುತ್ತೇನೆ, ನಿಧಾನವಾಗಿ ಓದು.

ಪಾಷಾಣ ಸಾಯುವುದಿಲ್ಲ ದೊಡ್ಡವ್ವ. ಜೀವ ಇದ್ದದ್ದಲ್ಲವೇ ಸಾಯುವುದು? ಅದು ಉಪ್ಪಿನ ಹಾಗೆ ಒಂದು ವಸ್ತು. ಕಬ್ಬಿಣದ ಔಷಧಿ ಅದನ್ನು ನೀರಿನಿಂದ ಹಿಡಿದು, ತನ್ನ ಜೊತೆ ತಳಕ್ಕೆ ಎಳೆದುಕೊಂಡು ಕೂರುತ್ತದೆ. ನೀನು ಮಾಡಿದ ನೀರು ಶುದ್ಧ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ನೀರಿನಿಂದ ಹೋದ ಪಾಷಾಣವೆಲ್ಲ ಆ ಕೆಂಪಿನಲ್ಲಿದೆ.

ತಪ್ಪು ನಿನ್ನದಲ್ಲ. ‘ಪಾಷಾಣ ಸತ್ತುಹೋಗಿರುತ್ತದೆ’ ಎಂದು ನೀನು ಮೊದಲ ಪತ್ರದಲ್ಲೇ ಬರೆದಿದ್ದೆ. ನಾನು ನಕ್ಕು ಮುಂದಿನ ಸಾಲಿಗೆ ಹೋದೆ. ಗಸಿ ವಿಷ ಎಂದು ಬರೆದರೆ ಹೆದರಿ ಡ್ರಮ್ಮನ್ನೇ ಬಿಟ್ಟುಬಿಡುತ್ತೀ ಎಂದುಕೊಂಡು ಆ ಮಾತನ್ನು ಬರೆಯಲಿಲ್ಲ.

ಬಳಿದದ್ದನ್ನು ಒಣಗಿದಂತೆಯೇ ಕೆರೆಯಬೇಡ, ಧೂಳು ಎದ್ದು ಮೂಗಿಗೆ ಹೋಗುತ್ತದೆ. ನೀರು ಚಿಮುಕಿಸಿ ನೆನೆಸಿ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಕರಣೆಯಿಂದ ಕೆರೆದು ಮುಚ್ಚಳದ ಡಬ್ಬಿಗೆ ತುಂಬು. ಒರೆಸಿದ ಬಟ್ಟೆಯೂ ಅದರಲ್ಲೇ. ಒಲೆಯ ಸುತ್ತಲಿನದನ್ನು ಮರೆಯಬೇಡ. ನಮ್ಮ ಕಚೇರಿಯವರು ಬಂದು ಅದನ್ನು ಸಿಮೆಂಟಿನಲ್ಲಿ ಕಲಸಿ ಗಟ್ಟಿ ಮಾಡಿ ಒಯ್ಯುತ್ತಾರೆ, ಆದರೆ ಅವರು ಬರುವುದು ತಡವಾಗುತ್ತದೆ. ಅಲ್ಲಿಯವರೆಗೆ ಮಣ್ಣು ಒಯ್ದ ಮನೆಗಳಿಗೆ ಯಾರಾದರೂ ಹೋಗಿ ಹೇಳಲೇಬೇಕು. ಅಲ್ಲೂ ಮಕ್ಕಳಿದ್ದಾರೆ.

ನಾನೇ ಬರಬೇಕಿತ್ತು. ಬರಲಾರೆ. ನಿನ್ನ ಪೊಟ್ಟಣವನ್ನು ಮಾರೇಶ್ ಬಿಚ್ಚಿ, ‘ನಿಮ್ಮ ದೊಡ್ಡವ್ವ ಏನ್ ಚೆಂದ ಮಣ್ಣ ಕಳಿಸ್ಯಾಳ ನೋಡು’ ಎಂದು ನನ್ನ ಹಾಸಿಗೆಯ ಹತ್ತಿರ ತಂದರು. ಬಣ್ಣ ನೋಡಿದ್ದೇ ನನಗೆ ತಿಳಿಯಿತು. ಹೌದು, ಹಾಸಿಗೆಯ ಹತ್ತಿರ. ಬಸುರಿ ನಾನು, ಐದನೇ ತಿಂಗಳು. ಹಿಂದಿನೆರಡು ಉಳಿಯಲಿಲ್ಲವೆಂದು ಈ ಸಲ ಡಾಕ್ಟರು ಮೊದಲಿನಿಂದಲೇ ಮಲಗಿಸಿದ್ದಾರೆ. ಬಸ್ಸು ಹತ್ತುವ ಹಾಗಿಲ್ಲ. ಮೊದಲು ಹೇಳಿದರೆ ನೀನು ಊರ ದೇವರಿಗೆಲ್ಲ ಹರಕೆ ಹೊತ್ತು, ಆಮೇಲೆ ಹಿಂದಿನಂತೆಯೇ ಆದರೆ ಅಷ್ಟೂ ಗುಡಿಗಳ ಮುಂದೆ ಕೂತು ಅಳುತ್ತೀ ಎಂದು ಹೇಳಲಿಲ್ಲ. ಪರೀಕ್ಷೆ ಮಾಡಿಸಿದೆ, ಕೆಲಸ ವಿಪರೀತ ಎಂದೆಲ್ಲ ಬರೆದದ್ದು ಮಲಗಿಕೊಂಡೇ.

ಕೀರ್ತನಾಳ ಸುದ್ದಿ ಬರುವವರೆಗೆ ನನಗೆ ನಿದ್ದೆ ಬಾರದು.

ಸುಮಾ

•

ಕಣಿವಿಹಟ್ಟಿ
೧೭ ನವೆಂಬರ್ ೨೦೨೪

ನನ್ನ ಬಂಗಾರವೇ,

ಮೊದಲು ಕೂಸಿನ ಮಾತು. ಕೀರ್ತನಾ ಆಡಿಕೊಂಡಿದ್ದಾಳೆ. ಕೂಡ್ಲಿಗಿಯಲ್ಲಿ ಡಾಕ್ಟರು ನೋಡಿ, ಮೇಲ್ನೋಟಕ್ಕೆ ಏನೂ ಕಾಣುವುದಿಲ್ಲ ಎಂದು ಮೂತ್ರ ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ವರದಿ ನಿಮ್ಮ ಕಡೆಗೇ ಬರುತ್ತದಂತೆ. ಬಂದ ಕೂಡಲೇ ತಿಳಿಸು. ಅಲ್ಲಿಯವರೆಗೆ ನನ್ನ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ.

ಇನ್ನು ನಿನ್ನ ಹೊಟ್ಟೆಯ ಕೂಸಿನ ಮಾತು. ತೊಕ್ಕು ಕೇಳಿದಾಗಲೇ ನನಗೆ ಹೊಳೆಯಬೇಕಿತ್ತು! ಇಷ್ಟು ಬಾಣಂತನ ಮಾಡಿದವಳು, ಎಂಥ ಮುದಿಗೂಗೆ ನಾನು. ನಿನಗೆ ಬೇಜಾರು ಮಾಡಿ ಏನೇನೋ ಬರೆದೆ. ಅದನ್ನೆಲ್ಲ ಮರೆತುಬಿಡು. ಹರಕೆ ಹೊರಬೇಡ ಎಂದರೆ ಹೊರುವುದಿಲ್ಲ. ಒಂದೇ ಒಂದು ಹೊತ್ತಿದ್ದೇನೆ, ಅದು ಲೆಕ್ಕಕ್ಕಿಲ್ಲ.

ಈಗ ಮಣ್ಣಿನ ಮಾತು. ನಮ್ಮ ಮನೆಯದನ್ನು ನೀನು ಹೇಳಿದಂತೆಯೇ ನೆನೆಸಿ ಕೆರೆದೆ. ಅದು ಸುಲಭ. ಮೇಲಿನ ಓಣಿಗೆ ಹೋಗುವುದೇ ಕಷ್ಟವಾಯಿತು. ಅರ್ಚನಾ ಅಂದಳು, ‘ಅತ್ತಿ, ಮಣ್ಣಿಗೆ ಹುಳ ಹತ್ಯಾವ, ವಾಪಸ್ ಕೊಡ್ರಿ ಅಂದುಬಿಡ್ರಿ. ಪಾಷಾಣ ಅಂದ್ರ ನಾಳಿಂದ ನಮ್ಮ ಓಣಿಯವ್ರೂ ನೀರಿಗೆ ಬರಂಗಿಲ್ಲ.’ ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ದಾರಿಯುದ್ದಕ್ಕೂ ಹುಳದ ಮಾತನ್ನೇ ಬಾಯಲ್ಲಿ ಉರು ಹೊಡೆದುಕೊಂಡು ಹೋದೆ.

ಮೊದಲ ಮನೆಯ ಹೊಸ್ತಿಲ ಮೇಲೆ ಒಂದು ಪುಟ್ಟ ಹುಡುಗಿ ಕೂತು ರೊಟ್ಟಿ ತಿನ್ನುತ್ತಿತ್ತು. ತುಣುಕು ಕೆಳಗೆ ಬಿತ್ತು, ಎತ್ತಿ ಬಾಯಿಗಿಟ್ಟುಕೊಂಡಿತು. ಹುಳ ಎಂದರೆ ಅವರು ನಗುತ್ತಾರೆ, ಕಸಬರಿಗೆಯಿಂದ ಗುಡಿಸಿ ಸುಮ್ಮನಾಗುತ್ತಾರೆ. ಆ ಹುಡುಗಿ ಮತ್ತೆ ಅಲ್ಲೇ ಕೂರುತ್ತದೆ. ‘ಯವ್ವಾ, ಕೂಸಿನ್ನ ಎತ್ತಿಕೊಳ್ರಿ. ನಾ ಕೊಟ್ಟ ಮಣ್ಣಿನಾಗ ಪಾಷಾಣ ಐತಿ’ ಅಂದೆ. ಇದ್ದದ್ದು ಇದ್ದ ಹಾಗೆ.

ಆಮೇಲೆ ಆದದ್ದನ್ನು ಪೂರ್ತಿ ಬರೆಯುವುದಿಲ್ಲ, ನೀನು ಮಲಗಿರುವವಳು. ಒಂದು ಮನೆಯವರು ಬಾಗಿಲು ಹಾಕಿಕೊಂಡರು. ಇನ್ನೊಬ್ಬಾಕೆ ‘ಬೇಕಂತಲೇ ಕೊಟ್ಟೀಯೇನು?’ ಎಂದಳು. ಅದೊಂದು ಮಾತು ಕಿವುಡಿಯಾದ ನನಗೆ ಸ್ಪಷ್ಟವಾಗಿ ಕೇಳಿತು ನೋಡು.

ಕಲ್ಯಾಣಮ್ಮನವರ ಹೊಸ್ತಿಲನ್ನು ನಾನೇ ಕೂತು ಕೆರೆದೆ. ಅವರು ಕಂಬ ಹಿಡಿದು ನಿಂತು ನೋಡಿದರು. ಆಮೇಲೆ ಬಗ್ಗಿ ಕೇಳಿದರು.

‘ನಿನ್ನ ಮೊಮ್ಮಗಳೂ ನೆಕ್ಯಾಳೇನು?’

‘ಹೂಂನ್ರಿ. ಬಿಡು ಅಂತ ನಾನ ಹೇಳಿದ್ದೆ.’

ಅವರು ಒಳಗೆ ಹೋಗಿ ಉಳಿದ ಮಣ್ಣಿನ ಬುಟ್ಟಿ ತಂದು ನನ್ನ ಮುಂದಿಟ್ಟು ಮತ್ತೆ ಒಳಗೆ ಹೋದರು.

ಅರ್ಚನಾ ಹೇಳಿದಂತೆಯೇ ಆಯಿತು. ಗಾಳೆಪ್ಪ ಬಂದು, ‘ಇಷ್ಟ್ ದಿನ ಅದ ಡ್ರಮ್ಮಿನ ನೀರ ಕುಡಿಸಿದೆಲ್ಲ ಯಕ್ಕಾ’ ಎಂದು ಕಣ್ಣಲ್ಲಿ ನೀರು ತಂದುಕೊಂಡ. ನೀರು ಶುದ್ಧ ಐತೋ ಎಂದು ಎಷ್ಟು ಹೇಳಿದರೂ ಅವನ ತಲೆಗೆ ಹೋಗಲಿಲ್ಲ. ಒಂದೇ ಡ್ರಮ್ಮಿನ ತಳದಲ್ಲಿ ವಿಷ, ಮೇಲೆ ಅಮೃತ ಎಂದರೆ ಯಾರು ನಂಬುತ್ತಾರೆ? ಎಲ್ಲರೂ ಮತ್ತೆ ಕೆಂಪು ಬಣ್ಣ ಬಳಿದ ಬೋರಿಗೇ ಹೋಗುತ್ತಿದ್ದಾರೆ. ನಮ್ಮ ಮನೆಯ ಒಂದು ಕೊಡಕ್ಕೆ ನಾನು ಅಷ್ಟು ದೊಡ್ಡ ಡ್ರಮ್ಮು ತಿರುವುತ್ತೇನೆ. ಮಿಕ್ಕ ನೀರು ಹಾಗೇ ಉಳಿಯುತ್ತದೆ.

ಹೇಳಬಾರದಿತ್ತೇ ಮಗಳೇ? ಹೇಳದೆ ಇರಲೂ ಆಗಲಿಲ್ಲ.

ದೊಡ್ಡವ್ವ

•

ಹೂವಿನಹಡಗಲಿ
೨೬ ನವೆಂಬರ್ ೨೦೨೪

ದೊಡ್ಡವ್ವ,

ತುತ್ತು ಇಳಿಸು. ಕೀರ್ತನಾಳ ವರದಿ ಬಂತು. ಪಾಷಾಣ ಸ್ವಲ್ಪ ಹೊಕ್ಕಿದೆ, ಆದರೆ ಕೆಡುಕು ಮಾಡುವಷ್ಟಲ್ಲ. ನಿಲ್ಲಿಸಿದರೆ ಇಷ್ಟು ಕಡಿಮೆ ಇದ್ದದ್ದು ಮೂತ್ರದಲ್ಲೇ ಹೊರಗೆ ಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಮುಂದಿನ ತಿಂಗಳು ಇನ್ನೊಮ್ಮೆ ನೋಡುತ್ತಾರೆ. ವರದಿ ಓದಿ ನಾನು ಅತ್ತೆಯನ್ನು ತಬ್ಬಿಕೊಂಡು ಅತ್ತುಬಿಟ್ಟೆ, ಅವರು ಹೆರಿಗೆ ನೋವೇ ಬಂತೆಂದು ಹೆದರಿ ಮಾರೇಶ್‌ಗೆ ಫೋನ್ ಮಾಡಿಬಿಟ್ಟರು.

ಹೇಳಬಾರದಿತ್ತೇ ಎಂದು ನೀನು ಕೇಳಿದೆ. ನಾನು ಇಷ್ಟು ಓದಿಯೂ ಹೇಳಬೇಕಾದ ಹೊತ್ತಿಗೆ ಹೇಳಲಿಲ್ಲ, ಅದಕ್ಕೇ ಇಷ್ಟೆಲ್ಲ ಆಯಿತು. ನಿನಗೆ ನಾನೇನು ಬುದ್ಧಿ ಹೇಳಲಿ? ಮುಂದಿನ ವಾರ ಕಚೇರಿಯವರು ಸಿಮೆಂಟು ತೆಗೆದುಕೊಂಡು ಬರುತ್ತಾರೆ. ನಾಲ್ಕು ಜನರ ಎದುರಿಗೆ ನೀರನ್ನೂ ಗಸಿಯನ್ನೂ ಬೇರೆ ಬೇರೆ ಪರೀಕ್ಷೆ ಮಾಡಿ ತೋರಿಸಲು ಹೇಳಿದ್ದೇನೆ. ನೋಡಿದವರು ನಂಬಿದರೆ ನಂಬಲಿ. ಡ್ರಮ್ಮು ನಿಲ್ಲಿಸಬೇಡ.

ಕೂಸು ಒದೆಯುತ್ತಿದೆ. ತೊಕ್ಕು ಮುಗಿಯಿತು.

ಸುಮಾ

•

ಕಣಿವಿಹಟ್ಟಿ
೧೨ ಡಿಸೆಂಬರ್ ೨೦೨೪

ಮಗಳೇ ಸುಮಾ,

ಒದೆಯಲಿ, ಚೆನ್ನಾಗಿ ಒದೆಯಲಿ. ಮಾಳಮ್ಮನವರಿಗೆ ಹೇಳು, ಹೆದರಿ ಫೋನ್ ಮಾಡಿದ್ದು ಒಳ್ಳೆಯದೇ ಆಯಿತೆಂದು. ನಾನಿದ್ದರೆ ಆಂಬುಲೆನ್ಸನ್ನೇ ಕರೆಯುತ್ತಿದ್ದೆ. ಮಾರೇಶನ ಬೆನ್ನಿಗೆ ಬಿಸಿ ಉಪ್ಪಿನ ಶಾಖ ಕೊಡಲಿ. ಕೀರ್ತನಾ ಗೋಡೆ ಹಿಡಿದು ನಿಲ್ಲುತ್ತಾಳೆ.

ನಿಮ್ಮ ಕಚೇರಿಯವರು ಬಂದಿದ್ದರು. ಗಸಿಯನ್ನೆಲ್ಲ ಸಿಮೆಂಟಿನಲ್ಲಿ ಕಲಸಿ ಇಟ್ಟಿಗೆ ಮಾಡಿ, ಗಟ್ಟಿಯಾದ ಮೇಲೆ ಒಯ್ದರು. ನೀರು, ಗಸಿ ಎರಡನ್ನೂ ಪರೀಕ್ಷೆ ಮಾಡಿ ತೋರಿಸಿದರು. ಮಂದಿ ನಿಂತು ನೋಡಿದರು, ತಲೆ ಆಡಿಸಿದರು, ಮನೆಗೆ ಹೋದರು. ಮರುದಿನವೂ ಕೊಡ ತಂದವರು ಯಾರೂ ಇಲ್ಲ. ಇನ್ನು ಇಷ್ಟೇ ಎಂದು ನಾನೂ ಅರ್ಚನಾಳೂ ಮಾತಾಡಿಕೊಂಡೆವು.

ಮೊನ್ನೆ ಮಧ್ಯಾಹ್ನ, ನೀರು ಸೋಸುವ ಹೊತ್ತಿಗೆ, ಕಲ್ಯಾಣಮ್ಮನವರು ಸೊಂಟದ ಮೇಲೆ ಕೊಡ ಇಟ್ಟುಕೊಂಡು ನಮ್ಮ ಓಣಿಯಲ್ಲಿ ನಡೆದುಬಂದರು. ಸೊಸೆಯ ಕೈಯಲ್ಲಿ ಕಳಿಸಬಹುದಿತ್ತು. ತಾವೇ ಬಂದರು, ಎಲ್ಲರೂ ಕಟ್ಟೆಯ ಮೇಲೆ ಕೂತಿರುವ ಹೊತ್ತಿನಲ್ಲೇ ಬಂದರು. ಡ್ರಮ್ಮಿನ ಹತ್ತಿರ ಕೊಡ ಇಳಿಸಿದರು.

‘ಹಿಡಿ, ತುಂಬು.’

ನಾನು ಅವರ ಮುಖ ನೋಡಿದೆ. ‘ನಿಮ್ಮ ಮನಿಯಾಗ ಏನಂದ್ರು?’ ಎಂದೆ.

‘ಮಗ ಏನಂತಾನ? ಅಕಿ ಮಣ್ಣಿನಾಗ ವಿಷ ಇತ್ತು, ಇನ್ನ ಅಕಿ ನೀರ ಕುಡಿತಿಯೇನವ್ವ ಅಂದ. ವಿಷ ಐತಿ ಅಂತ ಬಂದು ಹೇಳ್ದಾಕಿನೂ ಅಕೀನ ಅಲ್ಲೇನೋ ಅಂದೆ. ನಮ್ಮ ಬೋರು ಇಷ್ಟ್ ವರ್ಷ ವಿಷ ಕುಡಿಸೈತಿ, ಒಂದಿನಾನೂ ಬಂದು ಹೇಳಿಲ್ಲಲ್ಲ!’

ಅವರು ಇದನ್ನು ನನ್ನ ಕಿವಿಗಾಗಿ ಜೋರಾಗಿ ಹೇಳಿದರೋ, ಓಣಿಗಾಗಿ ಜೋರಾಗಿ ಹೇಳಿದರೋ ನನಗೆ ಗೊತ್ತಿಲ್ಲ. ಅರ್ಚನಾ ಒಳಗಿನಿಂದ ಲೋಟ ತಂದಳು. ತಂದು, ಕೊಡಲೋ ಬೇಡವೋ ಎಂದು ನನ್ನ ಕಡೆ ನೋಡಿದಳು. ಕಲ್ಯಾಣಮ್ಮನವರೇ ಕೈ ಚಾಚಿ ತೆಗೆದುಕೊಂಡರು. ಒಂದು ಗುಟುಕು ಕುಡಿದು ಮುಖ ಕಿವಿಚಿದರು.

‘ಥೂ, ಆಸ್ಪತ್ರಿ ನಾತ ಹೊಡಿತೈತಲ್ಲೇ ಹುಲುಗಿ. ಇದನ್ನ ದಿನಾ ಹೆಂಗ ಕುಡಿತೀರಿ?’

‘ಮೂಗು ಹಿಡ್ಕೊಂಡು ಕುಡೀರಿ’ ಅಂದೆ.

‘ಮೂಗು ಹಿಡ್ಕೊಳಾಕ ನಾನೇನ್ ಕೂಸೇನು?’ ಎಂದು ಉಳಿದದ್ದನ್ನು ಕುಡಿದು ಲೋಟ ಕೆಳಗಿಟ್ಟರು. ನಾನು ಕೊಡ ತುಂಬಿದೆ. ಎತ್ತಿ ಅವರ ಸೊಂಟಕ್ಕೆ ಇಡುವಾಗ ಒಂದಿಷ್ಟು ನೀರು ತುಳುಕಿತು. ಅವರು, ‘ಚೆಲ್ಲಬ್ಯಾಡ, ನೆಟ್ಟಗ ಹಿಡಿ’ ಎಂದು ಗದರಿಸಿ ಹೋದರು.

ಅವರು ಓಣಿ ದಾಟುವುದನ್ನೇ ಕಾದಿದ್ದ ಹಾಗೆ ಗಾಳೆಪ್ಪ ಕೊಡ ಹಿಡಿದು ಬಂದ. ಬೈಯಬೇಕೆಂದುಕೊಂಡವಳು ಅವನ ಕೊಡವನ್ನೂ ತುಂಬಿದೆ. ಈಗ ನಮ್ಮ ಓಣಿಯವರು ಒಬ್ಬೊಬ್ಬರಾಗಿ ಮತ್ತೆ ಬರುತ್ತಿದ್ದಾರೆ. ಮೇಲಿನ ಓಣಿಯಿಂದ ಕಲ್ಯಾಣಮ್ಮನವರದು ಒಂದೇ ಕೊಡ. ಬೇಕಂತಲೇ ಕೊಟ್ಟೀಯೇನು ಎಂದವಳು ನನ್ನನ್ನು ಕಂಡರೆ ಈಗಲೂ ಮುಖ ತಿರುಗಿಸುತ್ತಾಳೆ. ಉಳಿದವರು ಬರುತ್ತಾರೋ ಇಲ್ಲವೋ ಹೇಳಲಾರೆ.

ಆದರೆ ಒಂದು ತೊಂದರೆಯಾಗಿದೆ. ಕಲ್ಯಾಣಮ್ಮನವರು ನಿನ್ನೆ ಎರಡು ಕೊಡ ತಂದರು. ಅಡಿಗೆಗೂ ಇದೇ ನೀರಂತೆ. ನನ್ನ ಡ್ರಮ್ಮು ಮಧ್ಯಾಹ್ನಕ್ಕೇ ಬರಿದಾಗಿ, ಕೊನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದೆ. ಅವರು ನೇರ ಬೋರಿಗೇ ಹೋದರು, ನಾನು ನೋಡುತ್ತ ನಿಂತೆ. ಓಬಳೇಶ ಕೊಟ್ಟೂರಿನಿಂದ ಇನ್ನೊಂದು ಡ್ರಮ್ಮು ತಂದಿದ್ದಾನೆ, ಇದಕ್ಕಿಂತ ದೊಡ್ಡದು. ತೊಳೆದು ಇಟ್ಟಿದ್ದೇನೆ. ಅದಕ್ಕೆ ಬ್ಲೀಚಿಂಗ್ ಎಷ್ಟು, ಕಬ್ಬಿಣದ ಔಷಧಿ ಎಷ್ಟು, ಎಷ್ಟು ಹೊತ್ತು ತಿರುವಬೇಕು, ಗಸಿಯನ್ನು ಎಲ್ಲಿಡಬೇಕು, ಎಲ್ಲವನ್ನೂ ಬಿಡಿಸಿ ಬರೆ. ಯಾಕೆ ಎಂಬುದನ್ನೂ ಬರೆ. ನನಗೆ ಗೊತ್ತಿರಲಿ, ಇನ್ನು ಅಂದಾಜಿಗೆ ನಾನು ಏನನ್ನೂ ಮಾಡುವುದಿಲ್ಲ.

ನೀನು ಎದ್ದು ಕೂರಬೇಡ. ಮಲಗಿಕೊಂಡು ಹೇಳು, ಮಾರೇಶ ಬರೆಯಲಿ. ಅವನ ಅಕ್ಷರ ಕಾಗೆ ಕಾಲಿನ ಹಾಗಿದ್ದರೂ ಓದಿಕೊಳ್ಳುತ್ತೇನೆ. ನಾಳೆಯ ಬಸ್ಸಿಗೇ ಕೊಟ್ಟು ಕಳಿಸು ತಾಯಿ, ತಡ ಮಾಡಬೇಡ. ಹೊಸ ಡ್ರಮ್ಮು ಖಾಲಿ ಕೂತಿದೆ, ಕೊಡ ಹಿಡಿದವರು ಬಾಗಿಲಲ್ಲಿದ್ದಾರೆ.

ನಿನ್ನ ದೊಡ್ಡವ್ವ
ಹುಲುಗಮ್ಮ